ಕಂಚಿನ ನಾಣ್ಯಗಳಲ್ಲಿ ಕಾನ್‌ಸ್ಟಂಟೈನ್

ಚಿನ್ನದ ನಾಣ್ಯ ಧನಿಕರ ಪೆಟ್ಟಿಗೆ ಸೇರುತ್ತಿತ್ತು. ಕಂಚಿನದು ರೊಟ್ಟಿ, ಎಣ್ಣೆ ಕೊಳ್ಳುವ ಬಡವನ ಅಂಗೈಗೆ ಬರುತ್ತಿತ್ತು. ಪತ್ರಿಕೆಗಳಿಲ್ಲದ ಆ ಕಾಲದಲ್ಲಿ ರೋಮನ್ ಚಕ್ರವರ್ತಿಯ ಮುಖವೂ ಆತನ ದೇವತೆಗಳೂ ಜನಸಾಮಾನ್ಯರಿಗೆ ಪರಿಚಯವಾದದ್ದು ಬಹುಮಟ್ಟಿಗೆ ಇವುಗಳಿಂದಲೇ. ಆದುದರಿಂದ ಕಾನ್‌ಸ್ಟಂಟೈನ್ ಚಕ್ರವರ್ತಿಯ ಬಾಳನ್ನು ಈ ವಾರ ನಾವು ಆತನ ಕಂಚಿನ ನಾಣ್ಯಗಳ ಮೂಲಕ ಅವಲೋಕಿಸೋಣ.

ಇಂದಿನ ಸೆರ್ಬಿಯಾದ ನಿಶ್ ಪಟ್ಟಣದಲ್ಲಿ ಕ್ರಿ.ಶ. 272ರ ಸುಮಾರಿಗೆ ಆತನು ಜನಿಸಿದನು. ತಂದೆ ಕಾನ್‌ಸ್ಟಾಂಟಿಯಸ್ ಸೇನಾನಿ. ತಾಯಿ ಹೆಲೆನಾ ಸಾಮಾನ್ಯ ಮನೆತನದವಳು. 306ರಲ್ಲಿ ತಂದೆ ಬ್ರಿಟನ್ನಿನ ಯಾರ್ಕ್‌ನಲ್ಲಿ ಮೃತನಾದಾಗ ಸೈನ್ಯವು ಮಗನನ್ನೇ ಚಕ್ರವರ್ತಿಯೆಂದು ಘೋಷಿಸಿತು. 312ರ ಅಕ್ಟೋಬರ್ 28ರಂದು ರೋಮ್ ಬಳಿಯ ಮಿಲ್ವಿಯನ್ ಸೇತುವೆಯಲ್ಲಿ ಮ್ಯಾಕ್ಸೆಂಟಿಯಸನನ್ನು ಸೋಲಿಸಿ, ಆ ಜಯವನ್ನು ಕ್ರಿಸ್ತರ ಕೊಡುಗೆಯೆಂದು ನಂಬಿದನು. ಮರುವರ್ಷ ಮಿಲಾನಿನಲ್ಲಿ ಲಿಸಿನಿಯಸನೊಡನೆ ಆದ ಒಪ್ಪಂದದಿಂದ ಕ್ರೈಸ್ತರಿಗೆ ಆರಾಧನಾ ಸ್ವಾತಂತ್ರ್ಯ ಲಭಿಸಿತು.

ಆದರೆ ನಾಣ್ಯಗಳು ಬೇರೆಯೇ ಕಥೆಯನ್ನು ಹೇಳುತ್ತವೆ. ಮಿಲ್ವಿಯನ್ ವಿಜಯದ ನಂತರವೂ ಸುಮಾರು ಐದು ವರ್ಷ ಅವುಗಳ ಹಿಂಬದಿಯಲ್ಲಿ ಕಿರಣಕಿರೀಟ ಧರಿಸಿ, ಬಲಗೈ ಎತ್ತಿ, ಎಡಗೈಯಲ್ಲಿ ಭೂಗೋಲ ಹಿಡಿದ ಸೂರ್ಯದೇವನೇ ನಿಂತಿದ್ದನು. ಪರಿವರ್ತನೆ ಒಂದೇ ದಿನದ ಮಾತಾಗಿರಲಿಲ್ಲ.

324ರಲ್ಲಿ ಲಿಸಿನಿಯಸನನ್ನೂ ಸೋಲಿಸಿ ಆತನು ಏಕಚಕ್ರಾಧಿಪತಿಯಾದನು. 325ರಲ್ಲಿ ನೈಸಿಯಾದಲ್ಲಿ ಧರ್ಮಾಧ್ಯಕ್ಷರ ಮಹಾಸಭೆಯನ್ನು ಕರೆದನು. ಭಾನುವಾರ ಬಲಿಪೂಜೆಯಲ್ಲಿ ನಾವು ಹೇಳುವ ವಿಶ್ವಾಸ ಪ್ರಮಾಣದ ಬೇರು ಅಲ್ಲಿದೆ. ಆದರೆ ಮರುವರ್ಷವೇ, 326ರಲ್ಲಿ, ಹಿರಿಯ ಮಗ ಕ್ರಿಸ್ಪಸನನ್ನೂ ಅನಂತರ ಪತ್ನಿ ಫೌಸ್ತಾಳನ್ನೂ ಕೊಲ್ಲಿಸಿದನು. ಅಲ್ಲಿಯವರೆಗೆ ನಾಣ್ಯಗಳಲ್ಲಿ ಮೆರೆದಿದ್ದ ಅವರ ಮುಖಗಳು ಮರೆಯಾದವು.

ಕಾನ್‌ಸ್ಟಂಟಿನೋಪಲ್ ಟಂಕಸಾಲೆಯಲ್ಲಿ 327ರ ಸುಮಾರಿಗೆ ಅಚ್ಚಾದ ಕಂಚಿನ ನಾಣ್ಯವೊಂದು ಅಪರೂಪದ್ದು. ಕ್ರಿಸ್ತರ ಹೆಸರಿನ ಮೊದಲ ಎರಡು ಗ್ರೀಕ್ ಅಕ್ಷರಗಳನ್ನು ತುದಿಯಲ್ಲಿ ಹೊತ್ತ ಧ್ವಜದಂಡವು ಸರ್ಪವನ್ನು ಇರಿಯುವ ಚಿತ್ರ ಅದರಲ್ಲಿದೆ. ಸಾರ್ವಜನಿಕ ಭರವಸೆ ಎಂಬರ್ಥದ ಬರಹವಿದೆ. ಹೊರಗಿನ ಸರ್ಪವನ್ನು ಇರಿದವನ ಮನೆಯೊಳಗೆ ಮತ್ತೊಂದು ಸರ್ಪ ಆಗಲೇ ಕಚ್ಚಿತ್ತು.

330ರ ಮೇ 11ರಂದು ಹೊಸ ರಾಜಧಾನಿ ಕಾನ್‌ಸ್ಟಂಟಿನೋಪಲ್ ಪ್ರತಿಷ್ಠಾಪನೆಯಾಯಿತು. ಆಗಲೂ ಹಳೆಯ ರೋಮಿನ ಗೌರವಾರ್ಥ, ಅವಳಿ ಶಿಶುಗಳಿಗೆ ಹಾಲೂಡುವ ತೋಳದ ಚಿತ್ರವುಳ್ಳ ನಾಣ್ಯಗಳು ಹೊರಬಂದವು. 337ರಲ್ಲಿ ನಿಕೊಮೀಡಿಯಾ ಬಳಿ ಮರಣಶಯ್ಯೆಯಲ್ಲಿ ರಾಜಕೆಂಪನ್ನು ಕಳಚಿ, ಶ್ವೇತವಸ್ತ್ರ ಧರಿಸಿ ಜ್ಞಾನಸ್ನಾನ ಪಡೆದನು. ಮೇ 22ರಂದು ತೀರಿಕೊಂಡನು. ಆತನ ಪುತ್ರರು ಹೊರಡಿಸಿದ ಪುಟ್ಟ ನಾಣ್ಯದಲ್ಲಿ ಆತನು ನಾಲ್ಕು ಕುದುರೆಗಳ ರಥವೇರಿ ಮೇಲಕ್ಕೆ ಸಾಗುತ್ತಾನೆ. ಆಕಾಶದಿಂದ ಒಂದು ಕೈ ಕೆಳಗೆ ಚಾಚಿದೆ.

ಪೂರ್ವದ ಧರ್ಮಸಭೆಗಳು ಆತನನ್ನು ಸಂತನೆಂದು ಸ್ಮರಿಸುತ್ತವೆ. ಲತೀನ್ ಪಂಕ್ತಿಯ ನಾವು ಆಗಸ್ಟ್ 18ರಂದು ತಾಯಿ ಸಂತ ಹೆಲೆನಾರನ್ನು ಸ್ಮರಿಸುತ್ತೇವೆ. ಆತನ ಉಪಕಾರವನ್ನು ನಾವು ಮರೆಯಬಾರದು, ಅಪರಾಧವನ್ನು ಮುಚ್ಚಿಡಲೂಬಾರದು. ನಾಣ್ಯದ ಮುದ್ರೆ ಒಂದೇ ಪೆಟ್ಟಿಗೆ ಮೂಡುತ್ತದೆ. ಮನುಷ್ಯನ ಆತ್ಮದಲ್ಲಿ ದೇವರ ಮುದ್ರೆ ಮೂಡಲು ಒಂದು ಆಯುಷ್ಯವೇ ಬೇಕಾಗಬಹುದು. ನಮ್ಮ ಮನೆಗಳಲ್ಲಿಯೂ ಹಳೆಯ ಸೂರ್ಯದೇವರು ಯಾರು ಯಾರು ಉಳಿದಿದ್ದಾರೆಂದು ನಾವೇ ಕೇಳಿಕೊಳ್ಳೋಣ. ಮೇಲಿನಿಂದ ಚಾಚಿದ ಆ ಕೈ ನಮ್ಮನ್ನೂ ಕಾಯುತ್ತಿದೆ.