ವಿಲಿಯಂ ಥೈಸ್: ಭವಿಷ್ಯಕ್ಕೆ ಬಟ್ಟೆ ಹೊಲಿಸಿದ ಮನುಷ್ಯ

'ಸ್ಟಾರ್ ಟ್ರೆಕ್' ಒಂದು ಕಂತೂ ನೋಡದವರಿಗೂ ಆ ಅಂಗಿಗಳು ಗೊತ್ತಿರುತ್ತವೆ. ಹಳದಿ, ನೀಲಿ, ಕೆಂಪು. ಎದೆಯ ಮೇಲೆ ಬಾಣದ ಮೊನೆಯಂಥ ಲಾಂಛನ. ಅವುಗಳನ್ನು ರೂಪಿಸಿದವರು 1930ರಲ್ಲಿ ಹುಟ್ಟಿದ ಅಮೆರಿಕದ ವಸ್ತ್ರವಿನ್ಯಾಸಕ ವಿಲಿಯಂ ವೇರ್ ಥೈಸ್.

ಧಾರಾವಾಹಿ ಶುರುವಾಗಿದ್ದು 1966ರ ಸೆಪ್ಟೆಂಬರಿನಲ್ಲಿ. ಅಮೆರಿಕದ ಕಪ್ಪು ಜನರ ಮತದಾನದ ಹಕ್ಕನ್ನು ರಕ್ಷಿಸುವ ಕಾನೂನು ಬಂದು ಆಗಿನ್ನೂ ಒಂದು ವರ್ಷ ಆಗಿತ್ತಷ್ಟೇ. ಥೈಸ್ ವಿನ್ಯಾಸದಲ್ಲಿ ಬಣ್ಣ ಹೇಳುತ್ತಿದ್ದದ್ದು ಮಾಡುವ ಕೆಲಸವನ್ನು: ನೌಕೆ ನಡೆಸುವವರಿಗೆ ಹಳದಿ, ವಿಜ್ಞಾನಿ-ವೈದ್ಯರಿಗೆ ನೀಲಿ, ಎಂಜಿನಿಯರಿಂಗ್ ಮತ್ತು ಸಂಪರ್ಕದವರಿಗೆ ಕೆಂಪು. ಕಪ್ಪು ಮಹಿಳೆ ಉಹುರಾ, ಏಷ್ಯಾ ಮೂಲದ ಸುಲು, ಬಿಳಿಯ ಕ್ಯಾಪ್ಟನ್ ಕಿರ್ಕ್, ಎಲ್ಲರೂ ಒಂದೇ ಪಡೆಯ ಸಮವಸ್ತ್ರದಲ್ಲಿದ್ದರು. ಮೈಬಣ್ಣಕ್ಕೆ ಅಲ್ಲಿ ಲೆಕ್ಕವೇ ಇರಲಿಲ್ಲ.

ಆದರೆ ಹೆಣ್ಣಿನ ಲೆಕ್ಕ ಬೇರೆ ಇತ್ತು. ಮೊದಲ ಪ್ರಾಯೋಗಿಕ ಕಂತಿನಲ್ಲಿ ಹೆಂಗಸರಿಗೂ ಪ್ಯಾಂಟ್ ಕೊಟ್ಟಿದ್ದ ಥೈಸ್, ಧಾರಾವಾಹಿ ಪ್ರಸಾರಕ್ಕೆ ಬರುವಷ್ಟರಲ್ಲಿ ತೀರಾ ಗಿಡ್ಡ ಸ್ಕರ್ಟಿಗೆ ಬಂದಿದ್ದರು. ಆ ಕಾಲಕ್ಕೆ ಅದೇ ಬಿಡುಗಡೆಯ ಉಡುಪು ಅಂದುಕೊಂಡ ನಟಿಯರೂ ಇದ್ದರು. ಆದರೆ ಥೈಸ್ ಅವರದ್ದೇ ಒಂದು ಸಿದ್ಧಾಂತ ಇತ್ತಲ್ಲ: ಬಟ್ಟೆ ಈಗಲೋ ಆಗಲೋ ಜಾರಿಬೀಳುತ್ತೆ ಅನ್ನಿಸಬೇಕು, ಆಕರ್ಷಣೆ ಇರೋದೇ ಆ ಆತಂಕದಲ್ಲಿ. ನೋಡುವ ಕಣ್ಣು ಗಂಡಿನದ್ದೇ ಎಂದು ಮೊದಲೇ ತೀರ್ಮಾನಿಸಿದ ಸಿದ್ಧಾಂತ ಇದು.

ದುಡ್ಡಂತೂ ಇರಲಿಲ್ಲ. ವೆಲೂರ್ ಅಂಗಿಗಳು ಒಗೆದಾಗಲೆಲ್ಲ ಕುಗ್ಗುತ್ತಿದ್ದವು. ಮೂರನೇ ಸೀಸನ್ನಿಗೆ ನೈಲಾನ್ ಬಂತು. ಕಿರ್ಕ್‌ನ ಹಳದಿ ಅಂಗಿ ನಿಜಕ್ಕೂ ಹಸಿರು ಛಾಯೆಯದ್ದು, ಸ್ಟುಡಿಯೋ ಬೆಳಕಿನಲ್ಲಿ ಹಾಗೆ ಕಾಣುತ್ತಿತ್ತು ಅಷ್ಟೇ. ವಾರವಾರವೂ ಹೊಸ ಗ್ರಹ, ಹೊಸ ಜನ, ಹೊಸ ಉಡುಪು. ಇದನ್ನೆಲ್ಲ ನಿಭಾಯಿಸಲು ಸ್ಟುಡಿಯೋ ಹತ್ತಿರದ ಒಂದು ಮನೆಯಲ್ಲಿ, ಯೂನಿಯನ್‌ಗೆ ಸೇರದ ಹೆಂಗಸರಿಂದ ರಾತ್ರಿಯೆಲ್ಲ ಗುಟ್ಟಾಗಿ ಹೊಲಿಸಿದ್ದನ್ನು ಧಾರಾವಾಹಿಯ ನಿರ್ಮಾಣದ ಹೊಣೆ ಹೊತ್ತವರೇ ಮುಂದೆ ಬರೆದುಕೊಂಡಿದ್ದಾರೆ. ದುಡ್ಡಿನ ಹಂಗೇ ಇಲ್ಲದ ಸಮಾಜದ ಕಥೆಯಾಗಿ ಮುಂದೆ ಬೆಳೆದ 'ಸ್ಟಾರ್ ಟ್ರೆಕ್', ಹೊಲಿಗೆಯವರ ಕೂಲಿಯಲ್ಲೇ ಉಳಿತಾಯ ಮಾಡಿತ್ತು.

1987ರಲ್ಲಿ 'ನೆಕ್ಸ್ಟ್ ಜನರೇಷನ್' ಶುರುವಾದಾಗ ಥೈಸ್ ಮರಳಿದರು. ಈ ಸಲ ಅದೇ ಗಿಡ್ಡ ಉಡುಪನ್ನು ಗಂಡಸರಿಗೂ ತೊಡಿಸಿದರು! ಹಿನ್ನೆಲೆಯಲ್ಲಿ ಓಡಾಡುವ ಪಾತ್ರಗಳ ಮೈಮೇಲೆ ಅದು ಸ್ವಲ್ಪ ಕಾಲ ಕಂಡು, ಸದ್ದಿಲ್ಲದೆ ಮಾಯವಾಯಿತು. ಹೆಣ್ಣಿಗೆ ಸಹಜ ಅನ್ನಿಸಿದ್ದು ಗಂಡಿನ ಮೇಲೆ ಬಂದ ತಕ್ಷಣ ತಮಾಷೆ ಅನ್ನಿಸಿತು. ಬೇಡ ಅಂದಿದ್ದು ಬಟ್ಟೆಯನ್ನಾ, ಸಮಾನತೆಯನ್ನಾ?

ಮೂರು ಸಲ ಆಸ್ಕರ್‌ಗೆ ನಾಮನಿರ್ದೇಶನ, 1988ರಲ್ಲಿ ಒಂದು ಎಮ್ಮಿ. 1992ರ ಡಿಸೆಂಬರಿನಲ್ಲಿ, 62ನೇ ವಯಸ್ಸಿನಲ್ಲಿ, ಏಡ್ಸ್ ಥೈಸ್ ಅವರನ್ನು ಕೊಂದಿತು. ಬದುಕು ಉಳಿಸುವ ಚಿಕಿತ್ಸೆ ಬಂದಿದ್ದು ಇನ್ನೂ ನಾಲ್ಕು ವರ್ಷದ ನಂತರ.

ಅವರ ಅಂಗಿಗಳು ಇವತ್ತು ವಸ್ತುಸಂಗ್ರಹಾಲಯಗಳಲ್ಲಿವೆ, ಹರಾಜಿನಲ್ಲಿ ಭಾರೀ ಬೆಲೆಗೆ ಹೋಗುತ್ತವೆ. ರಾತ್ರಿ ಕೂತು ಹೊಲಿದ ಹೆಂಗಸರ ಹೆಸರು ಮಾತ್ರ ಟೈಟಲ್ ಕಾರ್ಡಿನಲ್ಲೂ ಬರಲಿಲ್ಲ. ಯಾರಾದರೂ ಸುಂದರ ನಾಳೆಯ ಚಿತ್ರ ತೋರಿಸಿದರೆ, ಇದನ್ನು ಹೊಲಿದವರಿಗೆ ಎಷ್ಟು ಕೊಟ್ಟಿರಿ ಅಂತ ಒಮ್ಮೆ ಕೇಳಿಬಿಡೋಣ.