ಮತ ಮತ್ತು ಮಣ್ಣು: ಫ್ಯಾನಿ ಲೂ ಹ್ಯಾಮರ್

ಅಮೆರಿಕದ ಕಪ್ಪು ಜನರ ವಿಮೋಚನೆಯ ಹೋರಾಟವನ್ನು ಮತದಾನದ ಹಕ್ಕಿನ ಹೋರಾಟವೆಂದು ಗ್ರಹಿಸುವುದು ವಾಡಿಕೆ. ಫ್ಯಾನಿ ಲೂ ಹ್ಯಾಮರ್ ಅವರ ಹೆಸರೂ ಅದರೊಡನೆಯೇ ಬೆಸೆದುಕೊಂಡಿದೆ. ಆದರೆ ಅವರ ಬಾಳನ್ನು ಮೊದಲಿನಿಂದ ಕಡೆಯವರೆಗೆ ಆಳಿದ ಪ್ರಶ್ನೆ ಭೂಮಿಯದು. ಉಳುವ ನೆಲ ಪರರದಾಗಿರುವವರೆಗೆ ಮತದ ಹಕ್ಕಿಗೂ ಭದ್ರತೆಯಿಲ್ಲ ಎಂಬುದನ್ನು ಅವರು ಅನುಭವದಿಂದ ಅರಿತಿದ್ದರು.

ಹ್ಯಾಮರ್ 1917ರ ಅಕ್ಟೋಬರ್ 6ರಂದು ಮಿಸಿಸಿಪಿ ರಾಜ್ಯದಲ್ಲಿ, ಪಾಲಿಗೆ ಬೇಸಾಯ ಮಾಡುತ್ತಿದ್ದ ದಂಪತಿಗಳ ಇಪ್ಪತ್ತನೆಯ ಮಗುವಾಗಿ ಜನಿಸಿದರು. ಆರನೆಯ ವಯಸ್ಸಿನಲ್ಲಿಯೇ ಹತ್ತಿ ಬಿಡಿಸತೊಡಗಿದರು. ಬೀಜ, ಗೊಬ್ಬರ, ದಿನಸಿ ಎಲ್ಲವೂ ಒಡೆಯನಿಂದ ಸಾಲವಾಗಿ ಬರುತ್ತಿದ್ದವು. ಲೆಕ್ಕದ ಪುಸ್ತಕವೂ ಅವನದೇ. ಸುಗ್ಗಿ ಮುಗಿದಾಗ ಒಕ್ಕಲಿಗೆ ಉಳಿಯುತ್ತಿದ್ದುದು ಬಹುಮಟ್ಟಿಗೆ ಸಾಲವೇ. ಒಮ್ಮೆ ತಂದೆ ಹಣ ಕೂಡಿಸಿ, ಹೇಸರಗತ್ತೆಗಳನ್ನೂ ಬಂಡಿಯನ್ನೂ ಕೊಂಡು, ನೆಲವನ್ನು ಗುತ್ತಿಗೆಗೆ ಹಿಡಿದರು. ಅದನ್ನು ಸಹಿಸದವರು ಆ ಪ್ರಾಣಿಗಳಿಗೆ ವಿಷವಿಕ್ಕಿದರು. ಕುಟುಂಬ ಮತ್ತೆ ಪಾಲು ಬೇಸಾಯಕ್ಕೆ ಮರಳಿತು.

1944ರಲ್ಲಿ ಪೆರ್ರಿ ಹ್ಯಾಮರ್ ಅವರನ್ನು ವಿವಾಹವಾದ ಫ್ಯಾನಿ ಲೂ, ರೂಲ್‌ವಿಲ್ ಬಳಿಯ ತೋಟವೊಂದರಲ್ಲಿ ಹದಿನೆಂಟು ವರ್ಷ ದುಡಿದರು. ಓದುಬರಹ ಬಲ್ಲವರಾದ್ದರಿಂದ ಕೂಲಿಯ ಲೆಕ್ಕ ಬರೆಯುವ ಕೆಲಸವೂ ಅವರ ಪಾಲಿಗೆ ಬಂದಿತು. 1962ರ ಆಗಸ್ಟ್ 31ರಂದು ಮತದಾರರ ಪಟ್ಟಿಗೆ ಹೆಸರು ಸೇರಿಸಲು ಅವರು ಇಂಡಿಯನೋಲಾಕ್ಕೆ ಹೋದರು. ಅರ್ಜಿಯನ್ನು ಹಿಂದೆಗೆದುಕೊಳ್ಳಲೊಪ್ಪದ ಕಾರಣ ಅದೇ ದಿನ ಒಡೆಯ ಅವರನ್ನು ಒಕ್ಕಲೆಬ್ಬಿಸಿದ. 1963ರಲ್ಲಿ ವಿನೋನಾದ ಸೆರೆಮನೆಯಲ್ಲಿ ತಿಂದ ಪೆಟ್ಟುಗಳು ಅವರ ಆರೋಗ್ಯವನ್ನು ಶಾಶ್ವತವಾಗಿ ಕೆಡಿಸಿದವು. 1964ರಲ್ಲಿ ಅಟ್ಲಾಂಟಿಕ್ ಸಿಟಿಯ ಡೆಮಾಕ್ರಟಿಕ್ ಸಮಾವೇಶದಲ್ಲಿ ಅವರು ನುಡಿದ ಸಾಕ್ಷ್ಯವನ್ನು ದೇಶವೇ ಆಲಿಸಿತು.

1965ರಲ್ಲಿ ಮತದಾನದ ಹಕ್ಕಿನ ಕಾಯಿದೆ ಬಂದಿತು, ಹಸಿವು ತೊಲಗಲಿಲ್ಲ. ಹತ್ತಿ ಬಿಡಿಸುವ ಯಂತ್ರಗಳೂ ಕಳೆನಾಶಕಗಳೂ ಕೂಲಿಯನ್ನು ಕಸಿದುಕೊಂಡಿದ್ದವು. ಮತ ಹಾಕಿದವರನ್ನು ಹೊಲದಿಂದ, ಮನೆಯಿಂದ ಹೊರಹಾಕುವುದು ಒಡೆಯರಿಗೆ ಇನ್ನೂ ಸುಲಭವಾಗಿತ್ತು. ಈ ಕಾರಣದಿಂದ ಹ್ಯಾಮರ್ 1969ರಲ್ಲಿ ಸನ್‌ಫ್ಲವರ್ ಕೌಂಟಿಯಲ್ಲಿ ಫ್ರೀಡಂ ಫಾರ್ಮ್ ಎಂಬ ಸಹಕಾರಿ ಸಂಸ್ಥೆಯನ್ನು ಸ್ಥಾಪಿಸಿದರು. ಮೊದಲು ಕೊಂಡದ್ದು 40 ಎಕರೆ. ದಾಸ್ಯದಿಂದ ಬಿಡುಗಡೆಗೊಂಡವರಿಗೆ 1865ರಲ್ಲಿ ಸೇನಾ ಆದೇಶವೊಂದು ಹಂಚಹೊರಟಿದ್ದುದೂ 40 ಎಕರೆಗಳನ್ನೇ. ಅದೇ ವರ್ಷ ಆ ನಿರ್ಧಾರವನ್ನು ಸರ್ಕಾರ ಹಿಂದೆಗೆದುಕೊಂಡಿತ್ತು. ಕೆಲವೇ ವರ್ಷಗಳಲ್ಲಿ ಸಂಸ್ಥೆಯ ಭೂಮಿ 600 ಎಕರೆಗಳನ್ನು ಮೀರಿತು. ಅವರೆ, ಬಟಾಣಿ, ಸೊಪ್ಪುಗಳು ಬಡವರ ಮನೆ ಸೇರಿದವು. ಹತ್ತಿ, ಸೋಯಾ ಬೆಳೆದು ಸಾಲದ ಕಂತು ಕಟ್ಟಲಾಯಿತು. ರಾಷ್ಟ್ರೀಯ ನೀಗ್ರೋ ಮಹಿಳಾ ಪರಿಷತ್ತಿನ ನೆರವಿನಿಂದ ಹಂದಿಗಳ ಬ್ಯಾಂಕೊಂದು ನಡೆಯಿತು: ಹೆಣ್ಣು ಹಂದಿಯನ್ನು ಪಡೆದ ಕುಟುಂಬವು ಅದು ಈದ ಮರಿಗಳಲ್ಲಿ ಕೆಲವನ್ನು ಬ್ಯಾಂಕಿಗೆ ಹಿಂದಿರುಗಿಸಬೇಕಿತ್ತು.

ಸಂಸ್ಥೆ ಬಹುಕಾಲ ಬಾಳಲಿಲ್ಲ. ಸದಸ್ಯರಲ್ಲಿ ಅನೇಕರಿಗೆ ತಿಂಗಳ ಒಂದು ಡಾಲರ್ ವಂತಿಗೆಯೂ ಭಾರವಾಗಿತ್ತು. ದಾನದ ಹಣವನ್ನೇ ನೆಚ್ಚಿದ ವ್ಯವಸ್ಥೆಗೆ ಪ್ರಕೃತಿ ವಿಕೋಪವೂ ಸಂಸ್ಥಾಪಕರ ಅನಾರೋಗ್ಯವೂ ಪೆಟ್ಟು ಕೊಟ್ಟವು. 1976ರ ವೇಳೆಗೆ ಸಂಸ್ಥೆ ಕುಸಿದು, ಭೂಮಿ ಕೈಬಿಟ್ಟಿತು. 1977ರ ಮಾರ್ಚ್ 14ರಂದು ಹ್ಯಾಮರ್ ನಿಧನರಾದರು.

ಅವರ ಚಿಂತೆ ನಿರಾಧಾರವಾಗಿರಲಿಲ್ಲ. 1920ರಲ್ಲಿ ಅಮೆರಿಕದಲ್ಲಿ ಸುಮಾರು 9.25 ಲಕ್ಷ ಕಪ್ಪು ಕೃಷಿಕರಿದ್ದರು. 2022ರ ಕೃಷಿ ಗಣತಿಯಲ್ಲಿ, ಎಣಿಕೆಯ ಕ್ರಮ ಬದಲಾಗಿದ್ದರೂ, ಕಂಡುಬಂದವರು ಸುಮಾರು 47 ಸಾವಿರ. ಉಯಿಲಿಲ್ಲದೆ ಹಲವು ವಾರಸುದಾರರಿಗೆ ಅವಿಭಜಿತವಾಗಿ ಇಳಿದ ಜಮೀನು, ಒಬ್ಬ ಪಾಲುದಾರ ನ್ಯಾಯಾಲಯಕ್ಕೆ ಹೋದರೂ ಹರಾಜಿಗೆ ಬೀಳುತ್ತಿತ್ತು. ಸಾಲ ನೀಡಿಕೆಯಲ್ಲಿ ತಾರತಮ್ಯ ನಡೆದಿದೆಯೆಂದು ಹೂಡಿದ ದಾವೆಯಲ್ಲಿ ಕೇಂದ್ರ ಕೃಷಿ ಇಲಾಖೆ 1999ರಲ್ಲಿ ಪರಿಹಾರಕ್ಕೆ ಒಪ್ಪಬೇಕಾಯಿತು. 2021ರ ಸಾಲಮನ್ನಾ ಕಾಯಿದೆಯನ್ನು ನ್ಯಾಯಾಲಯಗಳು ತಡೆಹಿಡಿದವು. 2022ರಲ್ಲಿ ಅದು ರದ್ದಾಯಿತು. ಒಕ್ಕಲೆಬ್ಬಿಸಲಾಗದ ನೆಲೆಯೊಂದನ್ನು ಬಡವರು ತಾವೇ ಕೂಡಿ ಕಟ್ಟಿಕೊಳ್ಳಬೇಕೆಂಬ ಹ್ಯಾಮರ್ ಅವರ ವಿಚಾರಕ್ಕೆ ಇಂದಿಗೂ ಪ್ರಸ್ತುತತೆಯಿದೆ.