ಪ್ರಕೃತಿಯ ಮೌನವನ್ನು ಬಣ್ಣಕ್ಕಿಳಿಸಿದ ಕೆ. ವೆಂಕಟಪ್ಪ

ಕರ್ನಾಟಕದ ಆಧುನಿಕ ಚಿತ್ರಕಲೆಯ ಇತಿಹಾಸದಲ್ಲಿ ಕೆ. ವೆಂಕಟಪ್ಪ ಅವರದು ಅಗ್ರಗಣ್ಯ ಹೆಸರು. ಅರಮನೆಯ ಆಶ್ರಯದಲ್ಲಿ ಬೆಳೆದು, ಮಹಾನಗರದಲ್ಲಿ ಕಲಿತು, ಕೊನೆಗೆ ಗಿರಿಶಿಖರಗಳ ಏಕಾಂತದಲ್ಲಿ ತಮ್ಮ ಕಲೆಯ ನೆಲೆಯನ್ನು ಕಂಡುಕೊಂಡ ಅಪರೂಪದ ಸಾಧಕ ಅವರು.

ವೆಂಕಟಪ್ಪ ಜನಿಸಿದ್ದು 1886ರಲ್ಲಿ, ಮೈಸೂರಿನ ಆಸ್ಥಾನ ಚಿತ್ರಕಾರರ ಮನೆತನದಲ್ಲಿ. ಬಾಲಕನ ಪ್ರತಿಭೆಯನ್ನು ಗುರುತಿಸಿದ ನಾಲ್ವಡಿ ಕೃಷ್ಣರಾಜ ಒಡೆಯರು ಮುಂದೆ 1909ರಲ್ಲಿ ಅವರನ್ನು ಕಲ್ಕತ್ತೆಯ ಸರ್ಕಾರಿ ಕಲಾಶಾಲೆಗೆ ಕಳುಹಿಸಿಕೊಟ್ಟರು. ಅಲ್ಲಿ ಅವನೀಂದ್ರನಾಥ ಠಾಕೂರರು ಗುರುಗಳು. ನಂದಲಾಲ ಬೋಸ್ ಸಹಪಾಠಿ. ಸೋದರಿ ನಿವೇದಿತಾ ಹಾಗೂ ಆನಂದ ಕುಮಾರಸ್ವಾಮಿ ಅವರ ಪುರಾಣಕಥನ ಗ್ರಂಥ 1913ರಲ್ಲಿ ಪ್ರಕಟವಾದಾಗ ಅದರಲ್ಲಿ ಈ ಕನ್ನಡಿಗನ ಚಿತ್ರಗಳೂ ಇದ್ದವು.

ಕಲ್ಕತ್ತೆಯಲ್ಲಿ ಕೀರ್ತಿ ಕೈಗೆಟುಕುವಂತಿದ್ದರೂ ಅವರು ಮೈಸೂರಿಗೆ ಮರಳಿದರು. ವೈಣಿಕ ಶೇಷಣ್ಣನವರಲ್ಲಿ ವೀಣೆ ಕಲಿತರು. ಕುಂಚವೋ ವೀಣೆಯೋ ಎಂಬ ತೊಳಲಾಟ ಅವರನ್ನು ಬಹುಕಾಲ ಕಾಡಿತು. ವೀಣೆಯ ಹುಚ್ಚು ಹಿಡಿದ ಕಲಾವಿದನಾಗಿ ತಮ್ಮನ್ನೇ ಚಿತ್ರಿಸಿಕೊಂಡದ್ದು ಇದಕ್ಕೆ ಸಾಕ್ಷಿ.

1926ರಲ್ಲಿ ನೀಲಗಿರಿಗೆ ತೆರಳಿದ್ದು ಅವರ ಬದುಕಿನ ಮಹತ್ವದ ತಿರುವು. ಊಟಿಯ ಮಂಜು, ಮುಂಗಾರಿನ ಮೋಡ, ಬೆಳದಿಂಗಳು, ಅರುಣೋದಯ ಅವರ ಜಲವರ್ಣಗಳಲ್ಲಿ ಮೂಡಿದವು. ಮುಂದೆ ಕೊಡೈಕೆನಾಲಿನ ದೃಶ್ಯಗಳೂ ಸೇರಿದವು. ಈ ಚಿತ್ರಗಳಲ್ಲಿ ಮನುಷ್ಯ ಬಹುತೇಕ ಇಲ್ಲವೇ ಇಲ್ಲ. ದೇವದೇವಿಯರ ಚಿತ್ರಗಳಿಂದ ಆರಂಭಿಸಿದ ಕುಂಚ, ಕಥೆಯ ಹಂಗು ತೊರೆದು ಬರಿಯ ಬೆಳಕನ್ನೇ ನೋಡತೊಡಗಿತು. ಪ್ರಕೃತಿಯನ್ನು ಎದುರಿಗಿಟ್ಟುಕೊಂಡು ದೀರ್ಘಕಾಲ ಗಮನಿಸುವುದೇ ಅವರಿಗೆ ಸಾಧನೆಯಾಗಿತ್ತು. ಬ್ರಹ್ಮಚಾರಿಯಾಗಿಯೇ ಉಳಿದ ಅವರ ಬದುಕೂ ಅಷ್ಟೇ ಕಟ್ಟುನಿಟ್ಟಿನದು.

ಸನ್ನತಿ ಸಮೀಪದ ಕನಗನಹಳ್ಳಿಯಲ್ಲಿ ಅಶೋಕನ ಹೆಸರು ಹೊತ್ತ ಶಿಲಾಫಲಕವನ್ನು ಕಂಡವರಿಗೆ ಉಬ್ಬುಶಿಲ್ಪದ ಸೊಬಗನ್ನು ವಿವರಿಸಬೇಕಿಲ್ಲ. ಆ ಪ್ರಕಾರದಲ್ಲೂ ವೆಂಕಟಪ್ಪ ಸಿದ್ಧಹಸ್ತರು. ಮೈಸೂರು ಅರಮನೆಗಾಗಿ ಅವರು ಪ್ಲಾಸ್ಟರಿನಲ್ಲಿ ಉಬ್ಬುಶಿಲ್ಪಗಳನ್ನು ರಚಿಸುತ್ತಿದ್ದರು. 1940ರಲ್ಲಿ ನಾಲ್ವಡಿಯವರು ನಿಧನರಾದ ಬಳಿಕ ಆ ಕಾರ್ಯ ಅಪೂರ್ಣವಾಗಿ ನಿಂತಿತು. ತಮಗೆ ಸಲ್ಲಬೇಕಾದುದಕ್ಕಾಗಿ ಅವರು ನ್ಯಾಯಾಲಯದ ಮೆಟ್ಟಿಲೇರಿದರು. ಕಲಾವಿದನ ದುಡಿಮೆ ಅರಸರ ಕೃಪೆಯಲ್ಲ, ಅದಕ್ಕೆ ನ್ಯಾಯವಾದ ಬೆಲೆಯುಂಟು ಎಂಬ ನಿಲುವು ಅಂದಿನ ಕಾಲಕ್ಕೆ ದಿಟ್ಟವಾದುದು. ಅದಕ್ಕಾಗಿ ಅವರು ತೆತ್ತದ್ದು ಆಶ್ರಯವನ್ನೂ ಹುಟ್ಟೂರನ್ನೂ.

ಬಳಿಕ ಬೆಂಗಳೂರಿನಲ್ಲಿ ನೆಲೆಸಿದ ವೆಂಕಟಪ್ಪ, ನಗರದ ನಡುವೆಯೇ ಏಕಾಂತವಾಸಿಯಾದರು. ಕೃತಿಗಳನ್ನು ಮಾರಿ ಚದುರಿಸುವ ಬದಲು ಒಟ್ಟಾಗಿ ಕಾಪಾಡಿಕೊಂಡರು. ಲಲಿತಕಲಾ ಅಕಾಡೆಮಿಯ ಫೆಲೋ ಗೌರವ ಅರಸಿ ಬಂದಾಗ ಅವರು ಎಪ್ಪತ್ತು ದಾಟಿದ್ದರು. 1965ರಲ್ಲಿ ಕೊನೆಯುಸಿರೆಳೆದರು.

ಅವರ ಹೆಸರಿನ ಸರ್ಕಾರಿ ಚಿತ್ರಶಾಲೆ ಕಬ್ಬನ್ ಉದ್ಯಾನದ ಅಂಚಿನಲ್ಲಿ ತಲೆಯೆತ್ತಿತು. ಅದರ ನಿರ್ವಹಣೆಯನ್ನು ಖಾಸಗಿಯವರಿಗೆ ಒಪ್ಪಿಸುವ ಸರ್ಕಾರದ ಕ್ರಮದ ವಿರುದ್ಧ 2016ರಲ್ಲಿ ಕಲಾವಿದರು ಬೀದಿಗಿಳಿದರು. ಜನಸಂದಣಿಯಿಂದ ದೂರವಿದ್ದ ವ್ಯಕ್ತಿಯ ಹೆಸರು, ಕಲೆ ಸಾರ್ವಜನಿಕರ ಸ್ವತ್ತೆಂಬ ಹೋರಾಟಕ್ಕೆ ನೆಲೆಯಾಯಿತು. ಬೆಟ್ಟದ ಮೌನವನ್ನು ಊರಿನ ನಡುವೆ ತಂದಿರಿಸಿದ ಹಿರಿಯ ಚೇತನಕ್ಕೆ ಇದಕ್ಕಿಂತ ಮಿಗಿಲಾದ ಸ್ಮರಣೆ ಬೇರೊಂದಿರಲಾರದು.